ಕಪ್ಪು ಸುಳ್ಳುಮೀನು

ಹೋದ ಭಾನುವಾರ ಲಿಮೆರಿಕ್‌ನ ಒಂದಷ್ಟು ಕನ್ನಡದವರು ಸೇರಿ, ದೀಪಾವಳಿ ಮುಗಿದು ಎರಡು ವಾರವಾದ ಮೇಲೆ, ಒಂದು ಹಾಲ್ ಹಿಡಿದು ದೀಪಾವಳಿ ಊಟ ಮಾಡಿದೆವು. ಇಲ್ಲಿ ಹಬ್ಬಗಳು ಪಂಚಾಂಗ ನೋಡಿಕೊಂಡು ಬರುವುದಿಲ್ಲ, ಹಾಲ್ ಖಾಲಿ ಇರುವ ದಿನ ನೋಡಿಕೊಂಡು ಬರುತ್ತವೆ. ಬಿಸಿಬೇಳೆಬಾತ್ ಚೆನ್ನಾಗಿತ್ತು. ಹೋಳಿಗೆ ಮಾತ್ರ ಡಬ್ಲಿನ್‌ನಿಂದ ಬರುವಷ್ಟರಲ್ಲಿ ಗಟ್ಟಿಯಾಗಿತ್ತು. ಎಲ್ಲ ಮುಗಿದು ಕುರ್ಚಿಗಳನ್ನು ಗೋಡೆಗೆ ಸರಿಸುವ ಹೊತ್ತಿಗೆ ಯಾರೋ ಪುಣ್ಯಾತ್ಮರು ಸ್ಟೀಲ್ ತಟ್ಟೆಯಲ್ಲಿ ಸೋಂಪು ತಂದು ನನ್ನ ಮೂಗಿನ ಕೆಳಗೇ ಹಿಡಿದರು. ನೀವಾದರೆ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು ಮಾತು ಮುಂದುವರಿಸುತ್ತಿದ್ದಿರಿ. ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದೆ.

ನಗಬೇಡಿ, ಕಾರಣ ಇದೆ. ಈ ದೇಶದ ಕಡಲತೀರದಲ್ಲಿ ಬ್ಯಾಸ್ ಎಂಬ ಮೀನು ಸಿಗುತ್ತದೆ. ಬೆಳ್ಳಿಯ ಮೈ, ಬೆನ್ನ ಮೇಲೆ ಮುಳ್ಳಿನ ಸಾಲು. ಅದನ್ನು ಹಿಡಿಯಲು ಬಳಸುವ ರಬ್ಬರಿನ ಹುಸಿಮೀನುಗಳಿಗೆ ಸೋಂಪಿನ ಎಣ್ಣೆ ಸವರಿರುತ್ತಾರೆ. ಮೀನಿಗೂ ಸೋಂಪಿಗೂ ಏನು ಸಂಬಂಧವೋ ಆ ಮೀನನ್ನೇ ಕೇಳಬೇಕು. ಆ ವಾಸನೆ ಬಂದರೆ ಸಾಕು, ನಾಲ್ಕು ವರ್ಷದ ಹಿಂದಿನ ಒಂದು ಬೆಳಗಿನ ಮಂಜು ನನ್ನ ಸುತ್ತ ಬಂದು ನಿಲ್ಲುತ್ತದೆ.

ಅವತ್ತು ಮಂಜಿನಲ್ಲಿ ಕಾಣೆಯಾದವರು ಸತ್ತಾರ್ ಸಾಹೇಬರು. ಬಾಗಲಕೋಟೆಯ ಕಡೆಯವರು, ಲಿಮೆರಿಕ್‌ನಲ್ಲಿ ನಮ್ಮ ದೇಶದ ಕಿರಾಣಿ ಸಾಮಾನಿನ ಅಂಗಡಿ ಇಟ್ಟಿದ್ದವರು. ಅವರ ಹೆಂಡತಿ ನರ್ಗಿಸ್ ಭಾಭಿ ಭಾನುವಾರವೂ ಹಾಲ್‌ನಲ್ಲಿದ್ದರು, ಸಾಹೇಬರೂ ಮೂಲೆಯ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ಯಾರಾದರೂ ಹೊಸಬರು ಸಿಕ್ಕರೆ ಭಾಭಿ ಅವರನ್ನು ನನ್ನ ಮುಂದೆ ತಂದು ನಿಲ್ಲಿಸುತ್ತಾರೆ. ‘ಇವ ನನ್ನ ತಮ್ಮ. ನಮ್ಮ ಮನಿಯವ್ರನ್ನ ನೀರಾಗಿಂದ ಹೊರಗ ತಂದವ ಇವನ’ ಎನ್ನುತ್ತಾರೆ. ಆಮೇಲೆ ನಾನು ಕತೆ ಹೇಳಬೇಕು. ಈ ನಾಲ್ಕು ವರ್ಷದಲ್ಲಿ ಎಷ್ಟು ಸಲ ಹೇಳಿದ್ದೇನೋ. ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ನಿಲ್ಲಿಸಿ ನೀರು ಕುಡಿಯಬೇಕು ಎಲ್ಲ ರೂಢಿಯಾಗಿಬಿಟ್ಟಿದೆ. ಅಷ್ಟು ಸಲವೂ ಒಂದು ಸಂಗತಿಯನ್ನು ಬಿಟ್ಟು ಹೇಳಿದ್ದೇನೆ.

ಭಾನುವಾರ ಕತೆ ಕೇಳಿದವಳು ಅತ್ಲೋನ್‌ನಿಂದ ಬಂದಿದ್ದ ಬೆಂಗಳೂರಿನ ಹೆಣ್ಣುಮಗಳು. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸವಂತೆ. ಎಲ್ಲರೂ ‘ಅಬ್ಬಾ’ ಎಂದು ನಿಟ್ಟುಸಿರು ಬಿಡುವ ಜಾಗದಲ್ಲಿ ಆಕೆ ಹುಬ್ಬು ಗಂಟಿಕ್ಕಿ, ‘ಸರ್, ಒಂದ್ ಡೌಟು. ಮೊದಲು ಒಂದು ಗಂಟೆ ತಪ್ಪು ಜಾಗದಲ್ಲಿ ಹುಡುಕಿದ್ರಲ್ಲ, ಅದ್ಯಾಕೆ?’ ಎಂದು ಕೇಳಿದಳು. ನಾಲ್ಕು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಗಾಬರಿಯಲ್ಲಿ ಏನೋ ಹಾಗಾಯಿತಮ್ಮ ಎಂದೆ. ಆ ಕಡೆ ಸಾಹೇಬರು ತಲೆ ತಗ್ಗಿಸಿ ತಮ್ಮ ಶಾಲಿನ ಅಂಚನ್ನು ನೋಡುತ್ತಿದ್ದರು. ಆಗಲೇ ಸೋಂಪು ಬಂದದ್ದು. ಸಾಹೇಬರಿಗೆ ನಿಜ ಹೇಳದೆ ಇನ್ನು ನನಗೆ ಉಳಿಗಾಲವಿಲ್ಲ ಅನ್ನಿಸಿತು. ಆದರೆ ಹೇಳಿದರೆ ಆ ಮನೆಯ ಬಾಗಿಲು ನನಗೆ ಮುಚ್ಚುತ್ತದೆ. ನಿಮಗೆ ಮೊದಲಿನಿಂದ, ಏನನ್ನೂ ಬಿಡದೆ ಹೇಳಿಬಿಡುತ್ತೇನೆ.

ನಾನು ಮೈಸೂರಿನವನು, ಮೊಟ್ಟೆಯನ್ನೂ ಮುಟ್ಟದ ಮನೆಯವನು. ಇಂಥವನು ಮೀನಿನ ಹಿಂದೆ ಬಿದ್ದದ್ದಕ್ಕೆ ನನ್ನ ಹೆಂಡತಿ ವೀಣಾ ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ. ‘ತಿನ್ನೋದಿಲ್ಲ ಅಂದ್ಮೇಲೆ ಹಿಡಿಯೋದ್ಯಾಕೆ?’ ಎಂದು ಈಗಲೂ ಕೇಳುತ್ತಾಳೆ. ಅಂಗಡಿಗೆ ಹುಣಿಸೆಹಣ್ಣು ತರಲು ಹೋದವನು ಸಾಹೇಬರ ಮೀನಿನ ಮಾತಿಗೆ ಸಿಕ್ಕಿಬಿದ್ದೆ, ಅಷ್ಟೇ. ಅವರು ಚಿಕ್ಕಂದಿನಲ್ಲಿ ಘಟಪ್ರಭೆಯಲ್ಲಿ ಗಾಳ ಹಾಕಿದವರು. ಮುಂದಿನ ಶನಿವಾರ ಬೆಳಗಿನ ಜಾವ ನಾನು ಎದೆಮಟ್ಟದ ರಬ್ಬರ್ ಪ್ಯಾಂಟು ತೊಟ್ಟು ಅಟ್ಲಾಂಟಿಕ್ ಸಮುದ್ರದಲ್ಲಿ ನಡುಗುತ್ತ ನಿಂತಿದ್ದೆ. ನಾವು ಹಿಡಿದದ್ದನ್ನು ಮುಕ್ಕಾಲು ಪಾಲು ನೀರಿಗೇ ಬಿಡುತ್ತಿದ್ದೆವು. ಎಲ್ಲೋ ಒಂದನ್ನು ಸಾಹೇಬರು ಮನೆಗೆ ಒಯ್ಯುತ್ತಿದ್ದರು. ನನ್ನ ಪಾಲಿಗೆ ಭಾಭಿಯ ಜೋಳದ ರೊಟ್ಟಿ, ಎಣ್ಣೆಗಾಯಿ.

ಗಾಳಕ್ಕೆ ಕಟ್ಟುವ ಬಣ್ಣದ ಹುಸಿಮೀನನ್ನು ಇಲ್ಲಿಯವರು ಲೂರ್ ಎನ್ನುತ್ತಾರೆ. ಸಾಹೇಬರು ಅದನ್ನು ಸುಳ್ಳುಮೀನು ಎನ್ನುತ್ತಿದ್ದರು. ‘ನೋಡ್ರಿ ಮೈಸೂರವ್ರ,’ ಎನ್ನುತ್ತಿದ್ದರು, ನನ್ನ ಹೆಸರು ಅವರ ಬಾಯಲ್ಲಿ ಯಾವತ್ತೂ ಬಂದದ್ದಿಲ್ಲ, ‘ಸುಳ್ಳು ಯಾವಾಗ್ಲೂ ಒಂದ ನಮೂನಿ ಇರಬಾರದು. ಜಾಗಾ ನೋಡಿ, ಹವಾ ನೋಡಿ ಹೇಳಬೇಕು.’ ಬೇಸಿಗೆಯಲ್ಲಿ ಬ್ಯಾಸ್ ಶ್ರೀಮಂತರ ಮನೆಯ ಮಗುವಿದ್ದ ಹಾಗೆ, ಆರಿಸಿ ಆರಿಸಿ ತಿನ್ನುತ್ತದೆ. ಸೆಪ್ಟೆಂಬರ್ ಕಳೆದರೆ ಚಳಿಗಾಲಕ್ಕೆ ಮೈ ತುಂಬಿಕೊಳ್ಳುವ ಆತುರ. ಸಣ್ಣ ಮೀನಿನ ಹಿಂಡು ದಡಕ್ಕೆ ಬರುತ್ತದೆ, ಅದರ ಬೆನ್ನಿಗೆ ಇದು. ಆದರೆ ಬಿರುಗಾಳಿಗೂ ಅದೇ ಕಾಲ. ನೀರು ಕದಡಿರುತ್ತದೆ, ಕಿತ್ತುಬಂದ ಕಡಲಪಾಚಿ ತೇಲುತ್ತಿರುತ್ತದೆ, ಬೆಳಕು ದಿನದಿನಕ್ಕೂ ಕಡಿಮೆಯಾಗುತ್ತದೆ. ಆಗ ಯಾವ ಜಾಗಕ್ಕೆ ಯಾವ ಸುಳ್ಳು ಎಂದು ತಿಳಿದವನೇ ಜಾಣ.

ನಮಗೆ ಮೂರು ಜಾಗಗಳಿದ್ದವು. ಇಲ್ಲಿಯ ಗಾಳದವರು ತಮ್ಮ ಜಾಗವನ್ನು ಹೆತ್ತ ತಾಯಿಗೂ ಹೇಳುವುದಿಲ್ಲ. ಕಾರನ್ನೂ ಒಂದು ಮೈಲಿ ಆಚೆ ನಿಲ್ಲಿಸಿ ನಡೆದು ಹೋಗುತ್ತಾರೆ. ಸಾಹೇಬರು ಇದನ್ನು ನಿಷ್ಠೆಯಿಂದ ಕಲಿತಿದ್ದರು, ಜೊತೆಗೆ ಜಾಗಗಳಿಗೆ ನಮ್ಮದೇ ಹೆಸರು ಇಟ್ಟಿದ್ದರು. ಅಗಲವಾದ ಮರಳಿನ ದಂಡೆಗೆ ಹಪ್ಪಳ. ಅಲ್ಲಿ ಎದುರುಗಾಳಿ ಜಾಸ್ತಿ, ದೂರ ಹೋಗಿ ಬೀಳುವ ಬೆಳ್ಳಿಬಣ್ಣದ ಲೋಹದ ತುಂಡು ಬೇಕು. ಕಾಲು ಜಾರುವ ಬಂಡೆಗಳ ಜಾಗಕ್ಕೆ ಮೊಣಕಾಲು. ಅಲ್ಲಿ ಮುಳುಗುವುದೆಲ್ಲ ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಮೇಲೆ ತೇಲುತ್ತ ಕುಡುಕನ ಹಾಗೆ ಅತ್ತಿತ್ತ ವಾಲಾಡುವ ಕಪ್ಪು ಸುಳ್ಳುಮೀನು. ನಸುಕಿನಲ್ಲಿ ಮೀನು ಕೆಳಗಿನಿಂದ ಆಕಾಶದ ಕಡೆ ನೋಡಿದಾಗ ಕಪ್ಪೇ ಚೆನ್ನಾಗಿ ಕಾಣುವುದಂತೆ. ಮೂರನೆಯದು ನದಿ ಸಮುದ್ರಕ್ಕೆ ಸೇರುವ ಅಳಿವೆ, ಅದರ ನಡುವಿನ ಮರಳದಿಣ್ಣೆ. ಅದಕ್ಕೆ ಗಂಟಲು ಎಂದು ಹೆಸರು. ನೀರು ಅಲ್ಲಿ ನುಂಗುವ ಹಾಗೆ ಒಳಗೆ ಬರುತ್ತದೆ. ಕದಡಿದ ನೀರಿಗೆ ಕಾಣುವಂತೆ ಬಿಳಿ ಬಣ್ಣದ, ಪಾಚಿ ಸಿಕ್ಕಿಕೊಳ್ಳದಂತೆ ಕೊಕ್ಕೆಯನ್ನು ಮೈಯೊಳಗೇ ಮುಚ್ಚಿಟ್ಟುಕೊಂಡ ರಬ್ಬರಿನ ಸುಳ್ಳುಮೀನು ಅಲ್ಲಿಗೆ. ಸೋಂಪಿನ ವಾಸನೆ ಅದರದೇ.

ಆ ಪೆಟ್ಟಿಗೆಯನ್ನು ನೀವು ನೋಡಬೇಕಿತ್ತು. ಮೇಲಿನ ತಟ್ಟೆಯಲ್ಲಿ ಚೌಕ ಚೌಕ ಮನೆಗಳು, ಒಂದೊಂದರಲ್ಲಿ ಒಂದೊಂದು. ಕೆಳಗಿನ ಅರೆಯಲ್ಲಿ ರಬ್ಬರಿನವುಗಳ ಪ್ಯಾಕೆಟ್ಟು. ದೊಡ್ಡ ಮೀನು ಬೇಟೆಯ ಕಣ್ಣಿಗೆ ಗುರಿಯಿಡುತ್ತದಂತೆ, ಹಾಗಾಗಿ ಸುಳ್ಳುಮೀನುಗಳಿಗೆ ಮೈಗಿಂತ ಕಣ್ಣೇ ದೊಡ್ಡದು. ಮುಚ್ಚಳ ತೆರೆದರೆ ಇಪ್ಪತ್ತು ಮೂವತ್ತು ಕಣ್ಣು ರೆಪ್ಪೆ ಮಿಟುಕಿಸದೆ ನಮ್ಮನ್ನೇ ನೋಡುತ್ತಿದ್ದವು. ಸಾಹೇಬರು ಬಿಸ್ಮಿಲ್ಲಾ ಎನ್ನದೆ ಅದನ್ನು ತೆರೆಯುತ್ತಿರಲಿಲ್ಲ. ಭಾಭಿಗೆ ಆ ಪೆಟ್ಟಿಗೆ ಮನೆಯಲ್ಲಿರುವುದೇ ಇಷ್ಟವಿರಲಿಲ್ಲ. ಮುಚ್ಚಳ ತೆರೆದದ್ದು ಕಂಡರೆ ಅಡುಗೆಮನೆಯ ಟವೆಲ್ ತಂದು ಹೊದಿಸಿಬಿಡುತ್ತಿದ್ದರು. ಅವರು ಹೊದಿಸಿದಾಗ ನಾನು ನಗುತ್ತಿದ್ದೆ. ಈಗ ನಗುವುದಿಲ್ಲ.

ಆ ವರ್ಷ ನನ್ನ ಗಾಳಕ್ಕೆ ಏನೋ ಶನಿ ಹಿಡಿದಿತ್ತು. ಜುಲೈನಿಂದ ಒಂದೇ ಒಂದು ಮೀನು ಬೀಳಲಿಲ್ಲ. ಸಾಹೇಬರಿಗೆ ಮಾತ್ರ ಅವರ ಆ ಕಪ್ಪು ಸುಳ್ಳುಮೀನಿಗೆ ವಾರಕ್ಕೊಂದು. ಕರಿಯ ಎಂದೇ ಅದನ್ನು ಕರೆಯುತ್ತಿದ್ದೆವು, ಅದಕ್ಕೆ ಒಂದೇ ಕಣ್ಣು. ಇನ್ನೊಂದನ್ನು ಯಾವುದೋ ಮೀನು ಕಿತ್ತಿತ್ತು, ಆ ಜಾಗದಲ್ಲಿ ಸಣ್ಣ ಗುಳಿ ಉಳಿದಿತ್ತು. ಅಂಥದ್ದೇ ಒಂದನ್ನು ಅಂಗಡಿಯಿಂದ ತಂದು ಕಟ್ಟಿ ನೋಡಿದೆ, ಏನೂ ಆಗಲಿಲ್ಲ. ಮಾಯ ಇರುವುದು ಆ ಒಕ್ಕಣ್ಣಿನದರಲ್ಲೇ ಎಂದು ನನಗೆ ಖಾತ್ರಿಯಾಗಿಬಿಟ್ಟಿತು. ಎಂಜಿನಿಯರಿಂಗ್ ಓದಿದವನು ನಾನು, ನೆನಪಿರಲಿ. ಒಂದು ಭಾನುವಾರ ಅವರ ಮನೆಯಲ್ಲಿ ರೊಟ್ಟಿ ತಿಂದು, ಸಾಹೇಬರು ನಮಾಜಿಗೆ ಒಳಗೆ ಹೋದಾಗ, ಪೆಟ್ಟಿಗೆ ತೆರೆದು ಅದನ್ನು ಎತ್ತಿ, ಕಾಗದದ ಕರವಸ್ತ್ರದಲ್ಲಿ ಸುತ್ತಿ ನನ್ನ ಗಾಳದ ಜಾಕೆಟ್ಟಿನ ಒಳಜೇಬಿಗೆ ಹಾಕಿಕೊಂಡೆ. ಒಂದೇ ಒಂದು ಸಲ ಗುಟ್ಟಾಗಿ ಹಾಕಿ ನೋಡಿ ವಾಪಸ್ ಇಟ್ಟುಬಿಡೋಣ ಎಂದಿದ್ದೆ. ಕೇಳಿದ್ದರೆ ಅವರು ಕೊಟ್ಟೇಬಿಡುತ್ತಿದ್ದರು. ಕೇಳಲು ನಾಚಿಕೆಯಾಯಿತು, ಕದಿಯಲು ನಾಚಿಕೆಯಾಗಲಿಲ್ಲ. ಮನುಷ್ಯನ ಬುದ್ಧಿಯೇ ಇಷ್ಟು.

ಆ ವಾರ ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್ ರಿಲೀಸ್ ಇತ್ತು, ತಲೆ ಎತ್ತಲು ಬಿಡುವಿರಲಿಲ್ಲ. ಶನಿವಾರವೂ ಬರಲಾಗುವುದಿಲ್ಲ ಎಂದು ಸಾಹೇಬರಿಗೆ ಹೇಳಿದ್ದೆ. ಶನಿವಾರ ಹತ್ತೂವರೆಗೆ ಭಾಭಿಯ ಫೋನ್ ಬಂತು. ಸಾಹೇಬರು ನಸುಕಿನಲ್ಲೇ ಒಬ್ಬರೇ ಹೊರಟಿದ್ದರು. ಹತ್ತಕ್ಕೆ ಅಂಗಡಿ ತೆಗೆಯಬೇಕು, ಇಷ್ಟು ವರ್ಷದಲ್ಲಿ ಒಂದು ದಿನವೂ ಹತ್ತು ಮೀರಿದ್ದಿಲ್ಲ. ಫೋನು ಮನೆಯಲ್ಲೇ ಇತ್ತು, ಹಿಂದೊಂದು ಫೋನು ಉಪ್ಪುನೀರಿಗೆ ಬಿದ್ದು ಹೋದಾಗಿನಿಂದ ಒಯ್ಯುವುದನ್ನೇ ಬಿಟ್ಟಿದ್ದರು. ಹೊರಗೆ ನೋಡಿದರೆ ಎದುರುಮನೆ ಕಾಣದಷ್ಟು ಮಂಜು. ಎಲ್ಲಿಗೆ ಹೋಗುತ್ತೇನೆಂದು ಹೇಳಿದ್ದಾರೆಯೇ ಎಂದು ಕೇಳಿದೆ.

‘ಹೊಂಟು ನಿಂತವ್ರನ್ನ ಎಲ್ಲಿಗಂತ ಹೆಂಗ ಕೇಳ್ಲಿ ರೀ?’ ಎಂದರು ಭಾಭಿ.

ಕೇಳಬಾರದು ನಿಜ. ನಿಮ್ಮ ಮನೆಯಲ್ಲೂ ಕೇಳುವುದಿಲ್ಲ, ನಮ್ಮ ಮನೆಯಲ್ಲೂ ಇಲ್ಲ. ಹೊಸಿಲು ದಾಟುವವರನ್ನು ಎಲ್ಲಿಗೆ ಎಂದರೆ ಹೋದ ಕೆಲಸ ಕೆಡುತ್ತದೆ. ಮೈಸೂರಿನ ಬ್ರಾಹ್ಮಣರ ಮನೆಗೂ ಬಾಗಲಕೋಟೆಯ ಮುಸಲ್ಮಾನರ ಮನೆಗೂ ಈ ಒಂದು ವಿಷಯದಲ್ಲಿ ಭೇದವಿಲ್ಲ. ಎಷ್ಟೋ ಸಾವಿರ ಮೈಲಿ ದಾಟಿ ಬಂದ ಮೇಲೂ ಭಾಭಿ ಅದನ್ನು ಪಾಲಿಸಿದ್ದರು, ಬಾಗಿಲಲ್ಲಿ ನಿಂತು ಹುಷಾರು ಎಂದಷ್ಟೇ ಹೇಳಿ ಕಳಿಸಿದ್ದರು. ಹೀಗಾಗಿ ಒಬ್ಬ ಮನುಷ್ಯ ಸಮುದ್ರದ ಯಾವ ಮೂಲೆಯಲ್ಲಿದ್ದಾನೆಂದು ಈ ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ.

ಗಾಳದ ಜಾಕೆಟ್ ಹಾಕಿಕೊಂಡು ಓಡಿದೆ. ಪೆಟ್ಟಿಗೆ ಅಡುಗೆಮನೆಯ ಮೇಜಿನ ಮೇಲೆ ಟವೆಲ್ ಹೊದ್ದು ಕೂತಿತ್ತು. ಸಾಹೇಬರು ಪೆಟ್ಟಿಗೆಯನ್ನೇ ಒಯ್ಯುತ್ತಿರಲಿಲ್ಲ, ಆ ದಿನಕ್ಕೆ ಬೇಕಾದ್ದನ್ನು ಆರಿಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಏನು ಇಲ್ಲ ಎಂದು ನೋಡಿದರೆ ಎಲ್ಲಿಗೆ ಹೋಗಿದ್ದಾರೆಂದು ಗೊತ್ತಾಗುತ್ತದೆ! ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಮುಚ್ಚಳ ತೆರೆದೆ. ಬೆಳ್ಳಿಯದು ಇತ್ತು, ಆದ್ದರಿಂದ ಹಪ್ಪಳವಲ್ಲ. ಮೇಲಿನ ತಟ್ಟೆಯ ನಡುವೆ ಒಂದೇ ಒಂದು ಮನೆ ಖಾಲಿ, ಕರಿಯನದು. ಸುತ್ತಲಿನ ಕಣ್ಣುಗಳೆಲ್ಲ ನನ್ನನ್ನು ನೋಡಿದವು. ಕೆಳಗಿನ ಅರೆ ನೋಡುವ ಗೋಜಿಗೇ ಹೋಗಲಿಲ್ಲ. ನಾನು ಭಾಭಿಯ ಕಡೆ ತಿರುಗಿ, ಮೊಣಕಾಲು ಭಾಭಿ, ಬಂಡೆಗಳ ಹತ್ತಿರ ಇದ್ದಾರೆ ಎಂದೆ. ತುರ್ತು ನಂಬರಿಗೆ ಫೋನ್ ಮಾಡಿ, ಗಟ್ಟಿ ದನಿಯಲ್ಲಿ, ಮ್ಯಾಪ್ ನೋಡಿ ಆ ಬಂಡೆಗಳ ಜಾಗ ಹೇಳಿದೆ.

ಅದು ನನ್ನ ಜೇಬಿನಲ್ಲೇ ಇರುವುದು ಮರೆತಿದ್ದೆ ಎಂದರೆ ನೀವು ನಂಬುತ್ತೀರಾ? ನಾನೇ ನಂಬುವುದಿಲ್ಲ. ಆದರೆ ಆಣೆ ಮಾಡಿ ಹೇಳುತ್ತೇನೆ, ಆ ಖಾಲಿ ಮನೆ ನೋಡಿದಾಗ ನನಗೆ ಕಂಡದ್ದು ಸಾಹೇಬರ ಕೈ ಅದನ್ನು ಎತ್ತಿಕೊಳ್ಳುವುದು. ನನ್ನ ಕೈ ಕಾಣಲೇ ಇಲ್ಲ.

ಬಂಡೆಗಳ ಹತ್ತಿರ ನಾನು ಮುಟ್ಟುವಷ್ಟರಲ್ಲಿ ಕರಾವಳಿ ರಕ್ಷಣೆಯವರು ಹುಡುಕಲು ಶುರುಮಾಡಿ ತುಂಬ ಹೊತ್ತಾಗಿತ್ತು. ಸಾಹೇಬರ ಕಾರು ಎಲ್ಲೂ ಇರಲಿಲ್ಲ, ಅದೇನೂ ಹೊಸದಲ್ಲ. ಮಂಜು ಎಂದರೆ ಅದು ಮಂಜು. ಚಾಚಿದ ಕೈಯ ಬೆರಳು ಕಾಣುತ್ತಿರಲಿಲ್ಲ. ಕೆಳಗೆಲ್ಲೋ ದೋಣಿಯ ಎಂಜಿನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ನನ್ನ ಕಾಲಡಿಯಲ್ಲೇ ಕೇಳಿಸುತ್ತಿತ್ತು. ಒಂದು ಸಲ ನೀರಿನಲ್ಲಿ ಬೋಳುತಲೆಯೊಂದು ಎದ್ದು ನನ್ನನ್ನೇ ದಿಟ್ಟಿಸಿತು. ಸಾಬ್ರೇ ಎಂದು ಚೀರಿದೆ. ಅದು ಸೀಲ್ ಪ್ರಾಣಿ. ಅವಸರವಿಲ್ಲದೆ ನೋಡಿ, ಸದ್ದಿಲ್ಲದೆ ಮುಳುಗಿತು. ಆಮೇಲೆ ನಾನು ಕೂಗುತ್ತಲೇ ಇದ್ದೆ, ಸಾಬ್ರೇ, ಸಾಬ್ರೇ ಎಂದು. ಕೂಗು ಮಂಜಿನೊಳಗೆ ಹೋಗುತ್ತಿತ್ತು, ತಿರುಗಿ ಬರುತ್ತಿರಲಿಲ್ಲ. ಕನ್ನಡದ ದನಿ ಆ ಜಾಗಕ್ಕೆ ಎಷ್ಟು ಪರಕೀಯವಾಗಿ ಕೇಳಿಸಿತೆಂದರೆ, ಸ್ವಲ್ಪ ಹೊತ್ತಿನ ಮೇಲೆ ಅದು ನನ್ನದೇ ದನಿ ಎಂಬುದೂ ಅನುಮಾನವಾಯಿತು.

ಚಳಿಗೆ ಕೈ ಮರಗಟ್ಟಿತ್ತು. ಒಳಜೇಬಿಗೆ ಕೈ ಹಾಕಿದೆ. ಏನೋ ಕಚ್ಚಿತು.

ಕಾಗದ ಹರಿದು ಕೊಕ್ಕೆ ತೋರುಬೆರಳಿಗೆ ಪೂರ್ತಿ ಇಳಿದಿತ್ತು. ಎಳೆದರೆ ಇನ್ನೂ ಒಳಗೆ ಹೋಗುತ್ತದೆ, ಕೊಕ್ಕೆಯ ಗುಣವೇ ಅದು. ಅದು ಏನೆಂದು ಗೊತ್ತಾದ ಕ್ಷಣ ನನ್ನ ಕಿವಿಯಲ್ಲಿ ಸಮುದ್ರದ ಸದ್ದು ನಿಂತುಹೋಯಿತು. ಸಾಬ್ರೇ, ಅದು ನನ್ನ ಹತ್ರ ಇದೆ. ಹೀಗೆ ಮನಸ್ಸಿನಲ್ಲೇ ಅಂದುಕೊಂಡೆ, ಒಂದು ಸಲವಲ್ಲ, ಜಪದ ಹಾಗೆ. ತುಟಿ ಅಲ್ಲಾಡಿಸಲಿಲ್ಲ, ಪಕ್ಕದಲ್ಲಿ ರಕ್ಷಣೆಯವನು ನಿಂತಿದ್ದ.

ಎಡಗೈಯಲ್ಲಿ ಭಾಭಿಗೆ ಫೋನ್ ಮಾಡಿದೆ. ಪೆಟ್ಟಿಗೆಯ ಕೆಳಗಿನ ಅರೆಯಲ್ಲಿ ಸೋಂಪಿನ ವಾಸನೆಯ ಬಿಳಿ ಪ್ಯಾಕೆಟ್ ಇದೆಯೇ ನೋಡಿ ಎಂದೆ. ಅವರು ಹುಡುಕಿದರು. ವಾಸನೆ ಇದೆ, ಪ್ಯಾಕೆಟ್ ಇಲ್ಲ ಎಂದರು. ಸಾಹೇಬರು ಗಂಟಲಿನಲ್ಲಿದ್ದರು, ಕೊಲ್ಲಿಯ ಆಚೆ ದಡದಲ್ಲಿ, ಉಬ್ಬರ ಏರುತ್ತಿತ್ತು. ರಕ್ಷಣೆಯವನಿಗೆ ಹೇಳಿದೆ. ಖಂಡಿತವೇ, ಹೇಗೆ ಗೊತ್ತು ಎಂದು ಕೇಳಿದ. ಬಿಳಿ ಪ್ಯಾಕೆಟ್ ಇಲ್ಲವಂತೆ ಎಂದೆ. ಅದು ನಿಜವೇ. ನಿಜದ ಅರ್ಧ ಹೇಳಿ ಉಳಿದರ್ಧವನ್ನು ಬೆರಳಿನಲ್ಲಿ ಚುಚ್ಚಿಕೊಂಡು, ಕೈಯನ್ನು ಜೇಬಿನಿಂದ ತೆಗೆಯದೆ ನಿಂತಿದ್ದೆ. ನೀವು ಗ್ರ್ಯಾಂಡ್ ತಾನೇ, ಅಂದರೆ ಚೆನ್ನಾಗಿದ್ದೀರಿ ತಾನೇ, ಎಂದು ಆತ ನನ್ನ ಮುಖ ನೋಡಿ ಕೇಳಿದ. ಗ್ರ್ಯಾಂಡ್ ಎಂದೆ. ಈ ದೇಶದಲ್ಲಿ ಹೆಣ ಒಂದನ್ನು ಬಿಟ್ಟು ಎಲ್ಲರೂ ಗ್ರ್ಯಾಂಡ್. ಜೇಬಿನ ಅಸ್ತರಿಗೆ ರಕ್ತ ಇಳಿಯುತ್ತಿತ್ತು.

ಸಾಹೇಬರು ಸಿಕ್ಕರು. ದಿಣ್ಣೆಯ ಕೊನೆಯಲ್ಲಿ, ಯಾವ ಕಾಲದಲ್ಲೋ ಬಲೆ ಕಟ್ಟಲು ನೆಟ್ಟಿದ್ದ ಕೊಳೆತ ಮರದ ಗೂಟವೊಂದನ್ನು ತಬ್ಬಿಕೊಂಡು, ಎದೆಯುದ್ದ ನೀರಿನಲ್ಲಿ. ಕೈ ಬಿಡಿಸಲು ಇಬ್ಬರು ಬೇಕಾಯಿತಂತೆ. ಇನ್ನು ಸ್ವಲ್ಪ ತಡವಾಗಿದ್ದರೆ ಕತೆ ಬೇರೆ ಎಂದರು. ಆ ಸ್ವಲ್ಪ ತಡದಲ್ಲಿ ನನ್ನದು ಎಷ್ಟು ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಕಾರಿನಲ್ಲಿ ಕೂತು, ಗಾಳದ ಇಕ್ಕಳದಲ್ಲಿ ಕೊಕ್ಕೆಯ ಮೊನೆಯನ್ನು ಬೆರಳಿನ ಆಚೆ ದೂಡಿ ಕತ್ತರಿಸಿ ಹೊರಗೆಳೆದು, ಬೆರಳಿಗೆ ಪ್ಲಾಸ್ಟರ್ ಸುತ್ತಿ, ಆಸ್ಪತ್ರೆಗೆ ಹೋದೆ. ಭಾಭಿ ಕಾರಿಡಾರಿನಲ್ಲಿ ಎಲ್ಲರೆದುರು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಇವತ್ತಿನಿಂದ ನೀ ನನ್ನ ತಮ್ಮ ಎಂದರು. ಪ್ಲಾಸ್ಟರ್ ಸುತ್ತಿದ ಬೆರಳು ಅವರ ರೆಪ್ಪೆಗೆ ತಾಗುತ್ತಿತ್ತು. ಆಗ ಹೇಳಿಬಿಡಬೇಕಿತ್ತು. ಹೇಳಲಿಲ್ಲ.

ನಾಲ್ಕನೇ ದಿನ ಸಾಹೇಬರಿಗೆ ಮಾತು ಬಂತು. ನಾನೊಬ್ಬನೇ ಹತ್ತಿರ ಇದ್ದೆ. ಮಂಜಿನಲ್ಲಿ ದಿಕ್ಕು ತಪ್ಪಿತು, ಕರಗಲಿ ಎಂದು ದಿಣ್ಣೆಯ ಮೇಲೇ ಬಹಳ ಹೊತ್ತು ಕಾದೆ, ನೀರು ಏರತೊಡಗಿದ ಮೇಲೆ ದಡ ಎಂದುಕೊಂಡು ಒಂದು ಕಡೆ ನಡೆಯತೊಡಗಿದೆ ಎಂದರು. ಅದು ದಡದ ದಿಕ್ಕೇ, ಆದರೆ ದಿಣ್ಣೆಗೂ ದಡಕ್ಕೂ ನಡುವೆ ಇರುವ ಕಾಲುವೆ ಅಷ್ಟು ಹೊತ್ತಿಗೆ ಆಳವಾಗಿ ತುಂಬಿತ್ತು. ಇನ್ನು ನಾಲ್ಕು ಹೆಜ್ಜೆ ಹಾಕಿದ್ದರೆ ಮುಗಿಯುತ್ತಿತ್ತು. ಆಗ ಹಿಂದಿನಿಂದ, ಸಮುದ್ರದ ಕಡೆಯಿಂದ, ಯಾರೋ ಕೂಗಿದ ಹಾಗಾಯಿತಂತೆ. ‘ನಿಮ್ಮ ದನಿ ರೀ ಅದು. ಸಾಬ್ರೇ ಅಂತ. ನಿಮ್ಮ ದನಿ ಅಂತನ ತಿರುಗಿ ಆ ಕಡೆ ನಡದೆ. ಗೂಟ ಕೈಗೆ ಸಿಕ್ತು,’ ಎಂದರು. ಕೊಲ್ಲಿಯ ಆಚೆಯಿಂದ ಮಂಜಿನಲ್ಲಿ ಸದ್ದು ಹರಿದು ಬಂದಿರಬಹುದು ಎಂದು ನಾನು ವಿಜ್ಞಾನ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡರು. ಆಮೇಲೆ ಇನ್ನೇನೋ ಹೇಳಲು ಬಾಯಿ ತೆರೆದು, ಸುಮ್ಮನಾದರು.

ಅವರ ಶ್ವಾಸಕೋಶ, ಹೃದಯ ಎರಡೂ ಆ ದಿನದ ಮೇಲೆ ಸರಿಹೋಗಲಿಲ್ಲ. ಅಂಗಡಿ ಮುಚ್ಚಿದರು. ಮೆಟ್ಟಿಲು ಹತ್ತುವುದು ಬಿಟ್ಟು ಕೆಳಗಿನ ಕೋಣೆಯಲ್ಲೇ ಮಲಗುತ್ತಾರೆ. ಮಕ್ಕಳಿಲ್ಲ. ಆಸ್ಪತ್ರೆಗೆ ಕರೆದೊಯ್ಯುವುದು, ಸರ್ಕಾರಿ ಕಾಗದ ತುಂಬುವುದು, ಗ್ಯಾಸ್ ಬಾಯ್ಲರ್ ಕೆಟ್ಟರೆ ನೋಡುವುದು ಎಲ್ಲ ನಾನೇ. ಒಳ್ಳೆಯವನು ಎಂದುಕೊಂಡಿರಾ? ಕಳ್ಳನ ಭಕ್ತಿ ಅದು. ಈದ್ ದಿನ ಶೀರ್‌ಖುರ್ಮಾ ಪಾಯಸದ ಮೊದಲ ಬಟ್ಟಲನ್ನು ಭಾಭಿ ಕೊಡುತ್ತಿದ್ದದ್ದು ನನಗೇ. ಕರಿಯ ನನ್ನ ಆಫೀಸು ಮೇಜಿನ ಡ್ರಾಯರಿನಲ್ಲಿತ್ತು. ಎಸೆಯಲು ಎರಡು ಸಲ ನದಿಯ ಸೇತುವೆಯ ತನಕ ಒಯ್ದೆ. ನೀರು ಕಂಡ ಕೂಡಲೇ ಕೈ ಬಾರದೆ ವಾಪಸ್ ತಂದೆ.

ನಿನ್ನೆ ಶನಿವಾರ ಬೆಳಿಗ್ಗೆ ಅದನ್ನು ತೆಗೆದುಕೊಂಡು ಅವರ ಮನೆಗೆ ಹೋದೆ. ಭಾಭಿ ಅಡುಗೆಮನೆಯಲ್ಲಿದ್ದರು. ಸಾಹೇಬರು ಕಿಟಕಿಯ ಹತ್ತಿರ ಕೂತಿದ್ದರು, ಹೊರಗೆ ಮಂಜು ಇನ್ನೂ ಕರಗಿರಲಿಲ್ಲ. ಕರಿಯನನ್ನು ಅವರ ಮುಂದಿನ ಟೀಪಾಯಿಯ ಮೇಲೆ ಇಟ್ಟೆ. ಕದ್ದದ್ದು, ಮರೆತದ್ದು, ತಪ್ಪು ಜಾಗಕ್ಕೆ ಕಳಿಸಿದ್ದು, ಒಂದು ಗಂಟೆ ಹಾಳಾದದ್ದು, ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತದ್ದು ಎಲ್ಲ ಹೇಳಿದೆ. ಮುಖ ನೋಡುವ ಧೈರ್ಯವಿಲ್ಲದೆ ಅವರ ಚಪ್ಪಲಿಗಳಿಗೇ ಹೇಳಿದೆ.

ಅವರು ಅದನ್ನು ಎತ್ತಿಕೊಂಡು ಕಣ್ಣಿಲ್ಲದ ಕಡೆಗೆ ಹೊರಳಿಸಿದರು. ಉಸಿರು ಹಿಡಿದು ಹಿಡಿದು ಮಾತಾಡಿದರು. ‘ಅವತ್ತ ನಾ ಮೊಣಕಾಲಿಗೇ ಹೊಂಟಿದ್ದೆ ರೀ. ಇದನ್ನ ಹುಡುಕಿದೆ, ಸಿಗಲಿಲ್ಲ. ಇದಿಲ್ದ ಅಲ್ಲಿ ಹೋಗಿ ಏನ ಮಾಡ್ಲಿ ಅಂತ ಬಿಳೀದು ತಗೊಂಡು ಗಂಟಲಿಗೆ ಹೋದೆ.’

ನಾನು ಕದ್ದದ್ದು ಒಂದು ಗಂಟೆ ಎಂದುಕೊಂಡು ನಾಲ್ಕು ವರ್ಷ ಬದುಕಿದ್ದೆ. ಅವರನ್ನು ಆ ನೀರಿಗೆ ಕಳಿಸಿದವನೇ ನಾನು. ನನಗೆ ಅಳು ತಡೆಯಲಾಗಲಿಲ್ಲ. ಐವತ್ತರ ಹತ್ತಿರದ ಗಂಡಸು, ಅಡುಗೆಮನೆಗೆ ಕೇಳಿಸದಿರಲಿ ಎಂದು ಮಫ್ಲರ್ ಬಾಯಿಗೆ ತುರುಕಿಕೊಂಡು ಅತ್ತೆ. ನಾನೇ ತೆಗೆದದ್ದೆಂದು ನಿಮಗೆ ಗೊತ್ತಿತ್ತೇ ಎಂದು ಕೇಳಿದೆ.

‘ಮನ್ಯಾಗಿದ್ದಾಗ ಗೊತ್ತಿರಲಿಲ್ಲ, ಎಲ್ಲೋ ಕಳಕೊಂಡೆ ಅಂದಕೊಂಡಿದ್ದೆ. ನೀರಾಗ ಗೊತ್ತಾತು,’ ಎಂದರು. ‘ನಿಮ್ಮ ದನಿ ಬರೇ ಸಾಬ್ರೇ ಅನ್ನಲಿಲ್ಲ. ಗೂಟ ಹಿಡದು ನಿಂತ ಮ್ಯಾಲೂ ಅನ್ನಕೋತನ ಇತ್ತು. ಸಾಬ್ರೇ, ಅದು ನನ್ನ ಹತ್ರ ಇದೆ, ಅದು ನನ್ನ ಹತ್ರ ಇದೆ ಅಂತ. ನಿಮ್ಮ ಮೈಸೂರು ಮಾತಿನಾಗ.’

ಅದನ್ನು ನಾನು ಕೂಗಿರಲಿಲ್ಲ. ನಿಮಗೆ ಆಗಲೇ ಹೇಳಿದೆ, ತುಟಿ ಅಲ್ಲಾಡಿಸಿರಲಿಲ್ಲ. ಸಾಹೇಬರು ನನ್ನ ಮುಖ ನೋಡಿ ಅದನ್ನೂ ಅರ್ಥ ಮಾಡಿಕೊಂಡರೋ ಏನೋ, ‘ಕಳಿಸಿದವ್ರೂ ನೀವ, ಹಿಡದು ನಿಲ್ಲಿಸಿದವ್ರೂ ನೀವ,’ ಎಂದು ಮೆಲ್ಲಗೆ ಅಂದರು. ನನ್ನ ಮೇಲೆ ಸಿಟ್ಟಿಲ್ಲವೇ ಎಂದೆ. ಬಹಳ ಇತ್ತು, ಎರಡು ವರ್ಷ ಇತ್ತು, ನೀವು ಬಂದು ಹೇಳುತ್ತೀರೋ ಎಂದು ಕಾಯುತ್ತಿದ್ದೆ, ಆಮೇಲೆ ಕಾಯುವುದೂ ದಣಿವಾಯಿತು ಎಂದರು.

ಭಾಭಿಗೂ ಈಗಲೇ ಹೇಳಿಬಿಡುತ್ತೇನೆ ಎಂದು ಎದ್ದೆ. ಸಾಹೇಬರು ನನ್ನ ಮಣಿಕಟ್ಟು ಹಿಡಿದರು. ಆ ಕೈಯಲ್ಲಿ ಅಷ್ಟು ಬಲ ಇನ್ನೂ ಇದೆಯೆಂದು ನನಗೆ ಗೊತ್ತಿರಲಿಲ್ಲ.

‘ಆಕಿಗೆ ಹೇಳಬ್ಯಾಡ್ರಿ. ಡಾಕ್ಟರು ನನಗ ಹೇಳ್ಯಾರ, ಇನ್ನ ಬಹಳ ದಿನ ಇಲ್ಲ. ಆಕಿಗೆ ಗೊತ್ತಿಲ್ಲ. ನಾ ಹೋದ ದಿನ ಆಕಿ ಯಾರ ಬಾಗಲಾ ಬಡೀಬೇಕು ಈ ಊರಾಗ? ಅವತ್ತ ಆಕಿಗೆ ತಮ್ಮ ಬೇಕ್ರಿ.’

ಅಡುಗೆಮನೆಯ ಬಾಗಿಲು ಸದ್ದಾಯಿತು. ಸಾಹೇಬರು ಕರಿಯನನ್ನು ಟೀಪಾಯಿಯಿಂದ ತೆಗೆದು ತಮ್ಮ ಸ್ವೆಟರಿನ ಜೇಬಿಗೆ ಹಾಕಿಕೊಂಡರು. ಭಾಭಿ ಚಹಾದ ಟ್ರೇ ಹಿಡಿದು ಬಂದವರು ನನ್ನ ಕಣ್ಣು ನೋಡಿ ಅಲ್ಲೇ ನಿಂತರು. ಗಂಡನ ಕಡೆ ತಿರುಗಿ, ‘ನನ್ನ ತಮ್ಮನ್ನ ಯಾಕ ಅಳಿಸಿದ್ರಿ ನೀವು?’ ಎಂದು ಗದರಿದರು. ಸಾಹೇಬರು ತಪ್ಪಾಯಿತು ಎನ್ನುವಂತೆ ತಲೆ ತಗ್ಗಿಸಿದರು.

ಈ ನಾಲ್ಕು ವರ್ಷ ಅವರು ತಮ್ಮಾ ಎಂದಾಗಲೆಲ್ಲ ನಾನು ಭಾಭಿ ಎಂದೇ ಓಗೊಟ್ಟಿದ್ದೆ. ಬೇರೆ ಮಾತು ಬಾಯಿಗೆ ಬಂದಿರಲಿಲ್ಲ. ಟ್ರೇಯನ್ನು ಅವರ ಕೈಯಿಂದ ತೆಗೆದುಕೊಂಡು, ಏನಿಲ್ಲ ಅಕ್ಕಾ ಎಂದೆ.